ಮುಂದಕ್ಕೆ ದೂಡಿದರೆ ಜೋರು

ಲಿವರಿಗೆ ಎರಡು ತೂತು ಕೊರೆದವನು ನಾನೇ. ಒಂದು ಕೀಲಿನ ಮೇಲೆ, ಒಂದು ಕೀಲಿನ ಕೆಳಗೆ. ಕೇಬಲ್ಲನ್ನು ಮೇಲಿನ ತೂತಿಗೆ ಸಿಕ್ಕಿಸಿದರೆ, ಲಿವರ್ ಮುಂದಕ್ಕೆ ದೂಡಿದಾಗ ಎಂಜಿನ್ ಜೋರಾಗುತ್ತದೆ. ಕೆಳಗಿನ ತೂತಿಗೆ ಸಿಕ್ಕಿಸಿದರೆ ಹಿಂದಕ್ಕೆ ಎಳೆದಾಗ ಜೋರಾಗುತ್ತದೆ. ಯಾವುದು ಸರಿ ಎಂದು ನಕ್ಷೆಯ ಹಾಳೆಯಲ್ಲಿ ಬಾಣದ ಗುರುತೇ ಇತ್ತು. ಹಾಗಿದ್ದೂ ಎರಡನೆಯ ತೂತು ಏಕೆ ಕೊರೆದೆ ಎಂದು ಕೇಳಿದರೆ ನನ್ನ ಬಳಿ ಈಗ ಮೂರು ಉತ್ತರಗಳಿವೆ. ಮೂರೂ ಆಮೇಲೆ ಹುಟ್ಟಿದವು.

ತೊಂಬತ್ತರ ದಶಕದ ನಡುವಿನ ಮಾತು. ನಾನು ಕಲಬುರಗಿಯ ಒಂದು ಪಾಲಿಟೆಕ್ನಿಕ್ಕಿನ ಫಿಟ್ಟಿಂಗ್ ಶಾಪಿನಲ್ಲಿ ಹುಡುಗರಿಗೆ ಅರ ಹಿಡಿಯಲು ಕಲಿಸುತ್ತಿದ್ದೆ. ಆ ಲಿವರ್ ಒಂದು ವಿಮಾನದ್ದು; ವಿಮಾನ ನನ್ನದಲ್ಲ, ಕಮಲಾಪುರದ ಗೌಡರದು. ಬಾಳೆ, ತೊಗರಿ ಬೆಳೆಯುವ ಮನುಷ್ಯ. ಟ್ರ್ಯಾಕ್ಟರಿನ ಒಂದು ಪಿನ್ನು ತಿರುವಿಸಿಕೊಳ್ಳಲು ನಮ್ಮ ಲೇತಿನ ಹತ್ತಿರ ಬಂದವರು, ಪಿನ್ನು ಜೇಬಿಗಿಳಿಸಿದ ಮೇಲೆ, "ಮಾಸ್ತರ, ವಿಮಾನ ಮಾಡಾಕ ಬರ್ತದೇನ್ರಿ?" ಎಂದು ಕೇಳಿದ್ದರು. ಯಾರೋ ಅರ್ಧಕ್ಕೆ ಕೈಬಿಟ್ಟ ಒಂದು ಸೀಟಿನ ಸಣ್ಣ ವಿಮಾನದ ನಕ್ಷೆಗಳನ್ನೂ ಎರಡು ಸಿಲಿಂಡರಿನ ಟೂ ಸ್ಟ್ರೋಕ್ ಎಂಜಿನ್ನನ್ನೂ ಅವರು ಆಗಲೇ ಕೊಂಡುಬಿಟ್ಟಿದ್ದರು. ಎರಡು ವರ್ಷ ಭಾನುವಾರಗಳಂದು ಬಸ್ಸು ಹಿಡಿದು ಹೋಗಿ ಪೈಪು ಜೋಡಿಸಿದೆವು, ರೆಕ್ಕೆಗೆ ಬಟ್ಟೆ ಹೊದಿಸಿದೆವು. ಹಾರಾಟದ ಪರವಾನಗಿಗೆ ಅರ್ಜಿ ಹೋಗಿತ್ತು, ಉತ್ತರ ಬಂದಿರಲಿಲ್ಲ. ನೆಲದ ಮೇಲೆ ಓಡಿಸಿ ನೋಡುವುದಕ್ಕೆ ಯಾರ ಅಪ್ಪಣೆ ಬೇಕು ಎಂದು ನಮಗೆ ನಾವೇ ಸಮಾಧಾನ ಹೇಳಿಕೊಂಡಿದ್ದೆವು. ಅದರಲ್ಲಿ ಕೂತು ಓಡಿಸುವವರು ಗೌಡರು. ಅವರ ಕೈಗೆ ಎಂಜಿನ್ನನ್ನು ಕೊಡುವ ಸಾಧನ ಯಾವುದೆಂದು ಆರಿಸಿ ಮಾಡುವ ಕೆಲಸ ನನ್ನದು. ಹೆದರಿಕೆ ಶುರುವಾದದ್ದು ಅಲ್ಲಿಂದ.

ಮೊದಲು ಸ್ಕೂಟರಿನ ಹಿಡಿಕೆ ಹಾಕಿದೆ. ತಿರುವಿದರೆ ಜೋರು, ಬಿಟ್ಟರೆ ತಾನೇ ಇಳಿಯುತ್ತದೆ. ಹೊಲದ ಅಂಚಿನ ಗಟ್ಟಿ ಮುರುಮಿನ ಪಟ್ಟಿಯ ಮೇಲೆ ನಡಿಗೆಯ ವೇಗದಲ್ಲಿ ಉರುಳಿಸಿದಾಗ ಒಂದೊಂದು ತಗ್ಗಿಗೂ ಗೌಡರ ಮಣಿಕಟ್ಟು ಅಲುಗಿತು, ಒಂದೊಂದು ಅಲುಗಾಟಕ್ಕೂ ಎಂಜಿನ್ ಕೂಗಿತು. ಅದನ್ನು ಬಿಚ್ಚಿದೆ. ಎರಡನೆಯದು ಹಳೆಯ ಕಾರಿನ ಚೋಕ್ ಗುಂಡಿ. ಒತ್ತಿದರೆ ಜೋರಾಗುವಂತೆ ತಿರುಗುಮುರುಗು ಮಾಡಿ ಕೂಡಿಸಿದೆ. ಇಟ್ಟಲ್ಲಿ ನಿಲ್ಲುತ್ತದೆ ಎಂಬುದೇ ಅದರ ಗುಣ ಎಂದುಕೊಂಡಿದ್ದೆ. ಗುಂಡಿಯ ದಂಡಕ್ಕೆ ಸುಣ್ಣದ ಗೆರೆ ಎಳೆದು ಐದು ನಿಮಿಷ ಎಂಜಿನ್ ಓಡಿಸಿದರೆ ಗೆರೆ ಒಂದು ಬೆರಳಿನಷ್ಟು ಸರಿದಿತ್ತು. ಕಾರ್ಬ್ಯುರೇಟರಿನ ಸ್ಪ್ರಿಂಗು ತನ್ನ ಕಡೆ ಎಳೆಯುತ್ತದೆ, ಎಂಜಿನ್ನಿನ ನಡುಕ ಹಿಡಿತವನ್ನು ಸಡಿಲಿಸುತ್ತದೆ. ಮರಗಳ ಮೇಲೆ ಇರುವಾಗ ಯಾರಿಗೂ ಗೊತ್ತಾಗದಂತೆ ಶಕ್ತಿ ಇಳಿಯುತ್ತಾ ಹೋಗುವುದನ್ನು ಬಸ್ಸಿನಲ್ಲಿ ಕೂತು ಕಲ್ಪಿಸಿಕೊಂಡೆ. ಕಲಬುರಗಿ ಬಂದದ್ದೇ ತಿಳಿಯಲಿಲ್ಲ.

ಕೊನೆಗೆ ಲಿವರ್. ಎಡಗೈ ಪಕ್ಕದಲ್ಲಿ ಚಕ್ರದ ಕಾಲು ಭಾಗದ ಆಕಾರದ ಉಕ್ಕಿನ ತಗಡು, ಅದರ ಮೇಲೆ ಓಡುವ ಹಿಡಿ, ಬಿಗಿ ಉಳಿಯಲೆಂದು ನಡುವೆ ಚರ್ಮದ ವಾಷರು. ಕೇಬಲ್ ಮಾಡಿಕೊಟ್ಟವರು ಜಗತ್ ಸರ್ಕಲ್ಲಿನ ಹತ್ತಿರ ಸ್ಕೂಟರ್, ಆಟೋಗಳಿಗೆ ಕೇಬಲ್ ಕಟ್ಟುವ ಉಸ್ತಾದರು. ತಂತಿಯ ತುದಿಯನ್ನು ಹಿತ್ತಾಳೆ ಗುಂಡಿಗೆ ತೂರಿಸಿ, ಎಳೆಗಳನ್ನು ಹೂವಿನಂತೆ ಅರಳಿಸಿ, ಆಮೇಲೆ ಕರಗಿದ ಬೆಸುಗೆಯಲ್ಲಿ ಅದ್ದುತ್ತಿದ್ದರು.

"ಅರಳಸಲಾರದ ಅದ್ದಿದ್ರ ಮ್ಯಾಲ ಚಮಕ್ ಇರ್ತದ, ಒಳಗ ಹಿಡಿತ ಇರಂಗಿಲ್ಲ," ಎಂದರು. "ಯಾ ಗಾಡಿಗೆ ಸಾಬ್?"

"ಗಾಡಿಗಲ್ರಿ. ವಿಮಾನಕ್ಕ."

ಅವರು ತಲೆಯೆತ್ತಲೂ ಇಲ್ಲ. "ಹಂಗಿದ್ರ ಎರಡು ಸಲ ಅದ್ತೀನಿ."

ಮೇಲಿನ ತೂತಿಗೇ ಕೇಬಲ್ ಸಿಕ್ಕಿಸಿದೆ. ಬಾಣ ಹೇಳಿದಂತೆ. ಮುಂದಕ್ಕೆ ದೂಡಿದರೆ ಜೋರು.

ಆ ಭಾನುವಾರ ಬೆಳಗ್ಗೆ ಗಾಳಿ ಇರಲಿಲ್ಲ. ಪಟ್ಟಿಯ ಅರ್ಧಕ್ಕೆ ಸುಣ್ಣದ ಗೆರೆ ಹಾಕಿದ್ದೆ. ಅಲ್ಲಿಗೆ ಬಂದ ಕೂಡಲೇ ಲಿವರ್ ಹಿಂದಕ್ಕೆಳೆದು ಎಂಜಿನ್ ಇಳಿಸಬೇಕು, ಅಷ್ಟೇ. ಗಾಲಿ ನೆಲ ಬಿಡಬಾರದು. ಗೌಡರು ಎರಡು ಸಲ ಚೆನ್ನಾಗಿ ಮಾಡಿದರು. ಮೂರನೆಯ ಸಲ ಗೆರೆಯ ಹತ್ತಿರ ಯಾವುದೋ ಹಕ್ಕಿ ಎದ್ದಿತೋ, ಮುಂದಿನ ಗಾಲಿ ಕಲ್ಲು ಹತ್ತಿತೋ, ಒಟ್ಟಿನಲ್ಲಿ ಏನೋ ಆಯಿತು. ಎಂಜಿನ್ ಇಳಿಯುವ ಬದಲು ಕಿರುಚಿತು. ಗಾಲಿ ನೆಲ ಬಿಟ್ಟವು. ಎಷ್ಟು ಎತ್ತರ? ಗೌಡರು ಮೊಣಕಾಲಷ್ಟು ಎಂದರು. ಕಟ್ಟೆಯ ಮೇಲೆ ನಿಂತಿದ್ದ ಅವರ ಹೆಂಡತಿ ತಮ್ಮ ತಲೆಗಿಂತ ಮೇಲೆ ಎಂದರು. ನನಗೆ ಕಂಡದ್ದು ಗಾಲಿಯ ಕೆಳಗಿನ ಬೆಳಕು ಮಾತ್ರ; ಅದಕ್ಕೆ ಅಳತೆ ಇರಲಿಲ್ಲ. ಆಮೇಲೆ ಅದು ದಪ್ಪನೆ ಕೂತು, ಒಂದು ಗಾಲಿ ಮಡಚಿಕೊಂಡು, ಸೊಟ್ಟಗೆ ಓಡಿ ಬಾಳೆಯ ತೋಟಕ್ಕೆ ನುಗ್ಗಿತು.

ನಾನು ಓಡಿದೆ. ಓಡುವಾಗ ಒಂದೇ ಮಾತು ತಲೆಯಲ್ಲಿತ್ತು: ಆ ಲಿವರ್ ಮಾಡಿದವನು ನಾನು. ಕಡಿದುಬಿದ್ದ ದಿಂಡುಗಳ ನಡುವೆ ಗೌಡರು ಸೀಟಿನ ಪಟ್ಟಿ ಬಿಚ್ಚಿಕೊಳ್ಳುತ್ತಾ ಕೂತಿದ್ದರು. ಎಂಜಿನ್ ನಿಂತಿತ್ತು. ಸ್ವಿಚ್ಚು ಆರಿಸಿದ್ದು ಅವರೋ, ಹೋಗಿ ಕೈಹಾಕಿದ ನಾನೋ ಇವತ್ತಿಗೂ ಇತ್ಯರ್ಥವಾಗಿಲ್ಲ. ಅವರ ಹಣೆಯ ಮೇಲೆ ಸಣ್ಣ ಗೀರು, ಅಷ್ಟೇ.

"ಲಿವರ್ ಹಿಡಕೊಂತ್ರಿ ಮಾಸ್ತರ," ಎಂದರು. "ಎಳದೆ, ಬರಲಿಲ್ಲ."

ಅವರ ಹೆಂಡತಿ ಓಡಿಬಂದು ಅವರ ಹಣೆ ನೋಡಿ, ಆಮೇಲೆ ಬಾಳೆ ನೋಡಿ, ಆಮೇಲೆ ನನ್ನನ್ನು ನೋಡಿದರು. "ಗೊನಿ ಕಡ್ಯಾಕ ಇಷ್ಟ್ ದೊಡ್ಡ ಮಷಿನ್ ಬೇಕಿತ್ತೇನ್ರಿ ಮಾಸ್ತರ? ಕುಡಗೋಲ ಇತ್ತಲ್ರಿ ಮನ್ಯಾಗ." ನಗಲಿಲ್ಲ ಅವರು. ನಾವೂ ನಗಲಿಲ್ಲ.

ಕಲಬುರಗಿಯ ಗಾಜಿಪುರದ ನಮ್ಮ ಮನೆಗೆ ಬಂದಾಗ ಅಂಗಿಯ ತುಂಬ ಬಾಳೆಯ ಕರೆ. ಮರಾಠಿ ಮಾತಿನ ನಮ್ಮ ಆಯಿ ಅದನ್ನು ಬೆಳಕಿಗೆ ಹಿಡಿದು, "ಹೇ ಕಾಯ್ ರೇ, ಏನಿದು? ಇದು ಹೋಗೂದಿಲ್ಲ," ಎಂದು ಮಾತ್ರ ಹೇಳಿದಳು. ಎಲ್ಲಿ ಏನಾಯಿತೆಂದು ನಾನು ಹೇಳಲಿಲ್ಲ.

ಲಿವರ್ ಹಿಡಿದುಕೊಂಡಿತು ಎಂದರೆ ಎಲ್ಲೋ ದೋಷ ಇರಲೇಬೇಕು. ಹನ್ನೊಂದು ದಿನ ಹುಡುಕಿದೆ. ಕೇಬಲ್ಲನ್ನು ಉದ್ದಕ್ಕೆ ಸೀಳಿ ಎಳೆಎಳೆಯನ್ನು ಬೆರಳಿನಲ್ಲಿ ಸವರಿದೆ. ಒಂದೂ ಕಿತ್ತಿರಲಿಲ್ಲ. ಬೆಸುಗೆಯ ಗುಂಡಿಗೆ ಐದು ಇಟ್ಟಿಗೆ ತೂಗುಹಾಕಿದೆ, ಜಗ್ಗಲಿಲ್ಲ. ಕಾರ್ಬ್ಯುರೇಟರ್ ಬಿಚ್ಚಿ ಒಳಗಿನ ಸ್ಲೈಡನ್ನು ಸೀಮೆಎಣ್ಣೆಯಲ್ಲಿ ತೊಳೆದು, ಮಸಿ ಬಳಿದು, ಎಲ್ಲಿ ಉಜ್ಜುತ್ತದೆಂದು ನೋಡಿದೆ. ಸ್ಪ್ರಿಂಗು, ವಾಷರು, ಕೀಲು. ಎಲ್ಲ ಸರಿಯಿತ್ತು. ಒಂದು ದೋಷ ಸಿಕ್ಕಿದ್ದರೆ ನಾನು ಆ ದಿನ ಊಟ ಮಾಡುತ್ತಿದ್ದೆ. ಸಿಗದೆ ಹೋದಷ್ಟೂ ಅನುಮಾನ ಬೆಳೆಯಿತು: ನನ್ನ ಕಣ್ಣಿಗೆ ಕಾಣದ್ದು ಅದರೊಳಗೆ ಇದೆ, ಮುಂದಿನ ಸಲ ಅದು ಗೌಡರನ್ನು ಬಾಳೆಯ ಬದಲು ಬಾವಿಗೆ ಕೊಂಡೊಯ್ಯುತ್ತದೆ. ಗೌಡರಂತೂ ಗಾಲಿ ನೆಟ್ಟಗೆ ಮಾಡಿಸಿ, "ಯಾವಾಗ್ರಿ?" ಎನ್ನುತ್ತಿದ್ದರು.

ಹನ್ನೆರಡನೆಯ ದಿನ ಏನೂ ಸಿಗಲಿಲ್ಲವೆಂದು ಹೇಳಲು ಕಮಲಾಪುರಕ್ಕೆ ಹೋದೆ. ಹೊಲದ ಮೂಲೆಯಲ್ಲಿ ಗೌಡರು ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಅದರ ಎಂಜಿನ್ನಿನಿಂದ ಬಾವಿಯ ನೀರೆತ್ತುತ್ತಿದ್ದರು. ನಾನು ದೂರದಿಂದಲೇ ಕೂಗಿದೆ. ಕೇಳಿಸಲಿಲ್ಲ. ಇನ್ನೊಮ್ಮೆ ಕೂಗಿದೆ. ಅವರು ತಿರುಗಿ ನನ್ನನ್ನು ನೋಡಿ, ಮಾತು ಕೇಳಿಸಲೆಂದು ಎಂಜಿನ್ ಇಳಿಸಿದರು. ಅವರ ಕೈ ಸ್ಟೇರಿಂಗಿನ ಪಕ್ಕದ ಲಿವರನ್ನು ಮುಂದಕ್ಕೆ ದೂಡಿತು.

"ಏನ್ರಿ?" ಎಂದರು.

ಆ ಟ್ರ್ಯಾಕ್ಟರಿನಲ್ಲಿ ತನ್ನ ಕಡೆ ಎಳೆದುಕೊಂಡರೆ ಜೋರು, ಮುಂದಕ್ಕೆ ದೂಡಿದರೆ ಕಡಿಮೆ. ಇಪ್ಪತ್ತು ವರ್ಷ ದಿನವೂ ಅದೇ ಕೈ, ಅದೇ ದೂಡು.

ಅದನ್ನು ಅವರಿಗೆ ಬಾಯಿಂದ ಹೇಳಲಿಲ್ಲ. ಮರುಭಾನುವಾರ ಪಡಸಾಲೆಯಲ್ಲಿ ಒಂದು ಕುರ್ಚಿ ಹಾಕಿ, ಅದರ ಎಡತೋಳಿಗೆ ವಿಮಾನದ ಲಿವರನ್ನು ಕ್ಲಾಂಪ್ ಮಾಡಿ, ಗೌಡರನ್ನು ಕೂಡಿಸಿದೆ. ನಾನು "ಇಳಸ್ರಿ" ಅಂದಾಗ ಎಂಜಿನ್ ಇಳಿಸುವಂತೆ ಎಳೆಯಬೇಕು. ಇಪ್ಪತ್ತು ಸಲ ಹೇಳಿದೆ, ಇಪ್ಪತ್ತು ಸಲವೂ ಹಿಂದಕ್ಕೆ ಎಳೆದರು.

"ಸಣ್ಣ ಮಕ್ಕಳ ಆಟ ಆತಲ್ರಿ ಮಾಸ್ತರ."

ಮೊದಲೇ ಹೇಳಿಟ್ಟಿದ್ದಂತೆ ಅವರ ಹೆಂಡತಿ ಹಿಂದಿನಿಂದ ಬಂದು ಖಾಲಿ ಎಣ್ಣೆ ಡಬ್ಬಿಯನ್ನು ಕಲ್ಲಿನ ಮೇಲೆ ಬಿಟ್ಟರು. ನಾನು ಅದೇ ಗಳಿಗೆಗೆ "ಇಳಸ್ರಿ!" ಎಂದು ಚೀರಿದೆ. ಗೌಡರ ಕೈ ಮುಂದಕ್ಕೆ ಹೋಯಿತು. ಲಿವರ್ ತಗಡಿನ ಕೊನೆಗೆ ಬಡಿದ ಸದ್ದು ಕೇಳಿಸಿತು.

ಡಬ್ಬಿ ಉರುಳಿ ಗೋಡೆಗೆ ತಾಗಿ ನಿಂತಿತು.

"ನಿಮ್ಮ ಮಾಸ್ತರಗಿಂತ ನಮ್ಮ ಡಬ್ಬಿ ಶಾಣ್ಯಾ ಅದ," ಎಂದರು ಹೆಂಡತಿ.

ಗೌಡರು ತಮ್ಮ ಕೈಯನ್ನೇ ನೋಡುತ್ತಿದ್ದರು. "ಆವತ್ತ ಲಿವರ್ ಹಿಡಕೊಂಡಿರಲಿಲ್ರಿ," ಎಂದರು. "ನಾನ ದೂಡಿದ್ದೆ. ಬಾಳ್ಯಾಗ ಕುಂತಾಗನ ಗೊತ್ತಾತು. ಹೇಳಾಕ ನಾಚಿಕಿ ಬಂತು."

ಹನ್ನೊಂದು ದಿನ ನಾನು ಹುಡುಕಿದ್ದು ಅವರಿಗೆ ಗೊತ್ತಿದ್ದ ವಿಷಯ. ಸಿಟ್ಟು ಬರಬೇಕಿತ್ತು. ಬಂದಿತ್ತು ಎಂದು ಕೆಲವು ಸಲ ಅನಿಸುತ್ತದೆ. ಆದರೆ ಆ ಗಳಿಗೆಯಲ್ಲಿ ಇದ್ದದ್ದು ಬರೀ ಅಂಜಿಕೆ. ದೋಷ ಕಬ್ಬಿಣದಲ್ಲಿದ್ದರೆ ನಾನು ಅರದಿಂದ ಉಜ್ಜಿ ತೆಗೆಯಬಲ್ಲೆ. ಇದನ್ನು ಎಲ್ಲಿ ಹಿಡಿದು ಉಜ್ಜಲಿ?

ಕೆಳಗಿನ ತೂತು ಇತ್ತಲ್ಲ. ಹತ್ತು ನಿಮಿಷದ ಕೆಲಸ. ಕೇಬಲ್ ಅಲ್ಲಿಗೆ ಹಾಕಿದರೆ ವಿಮಾನ ಟ್ರ್ಯಾಕ್ಟರಿನಂತೆ ನಡೆಯುತ್ತದೆ, ಗೌಡರ ಅಂಜಿದ ಕೈ ಸರಿಯಾದ ಕಡೆಗೇ ಹೋಗುತ್ತದೆ. ಮಾಡಿಯೇಬಿಡೋಣವೆಂದು, ಸೀಳಿದ ಕೇಬಲ್ಲಿನ ಬದಲು ಹೊಸದನ್ನು ಕಟ್ಟಿಸಲು ಉಸ್ತಾದರ ಹತ್ತಿರ ಹೋದೆ. ವಿಷಯ ಹೇಳಿದೆ. ಅವರು ಕೆಲಸ ನಿಲ್ಲಿಸಿ, ಎದುರಿಗೆ ನಿಂತಿದ್ದ ಆಟೋದಲ್ಲಿ ನನ್ನನ್ನು ಕೂಡಿಸಿ, ತಾವೇ ಮುಂದೆ ಕೂತು ಕ್ಲಚ್ಚನ್ನು ಫಟ್ಟನೆ ಬಿಟ್ಟರು. ನನ್ನ ತಲೆ ಹಿಂದಿನ ರೆಗ್ಜಿನ್ನಿಗೆ ಬಡಿಯಿತು.

"ಕೈ ಎಲ್ಲಿ ಹೋತು ಸಾಬ್?"

ನನ್ನ ಕೈ ಎದೆಗೆ ಬಂದಿತ್ತು.

"ಗಾಡಿ ಜೋರ್ ಆದ್ರ ಆದ್ಮಿ ಹಿಂದಕ್ಕ ಬೀಳ್ತಾನ. ಕೈನೂ ಹಿಂದ ಬರ್ತದ. ಹಿಂದ ಬಂದ್ರ ಬಂದ್ ಆಗ್ಬೇಕು. ನೀವ್ ಉಲ್ಟಾ ಇಟ್ರ ಇನ್ನಾ ಜೋರ್ ಆಗ್ತದ. ಖತಂ."

ನಕ್ಷೆಯ ಬಾಣಕ್ಕೆ ಅದುವರೆಗೆ ನಾನು ಯೋಚಿಸಿರದ ಕಾರಣ ಅದು. ಹೊಸ ಕೇಬಲ್ ಜೇಬಿನಲ್ಲಿಟ್ಟುಕೊಂಡು ಹೋಗಿ ಗೌಡರಿಗೆ ಹೇಳಿದೆ: ಲಿವರ್ ಹೀಗೇ ಇರುತ್ತದೆ, ನೀವು ಕೂಡಬೇಡಿರಿ.

ಅವರು ಒಂದು ವಾರ ನನ್ನ ಜೊತೆ ಮಾತು ಬಿಟ್ಟರು. ಆಮೇಲೆ ತಾವೇ ಶಾಪಿಗೆ ಬಂದರು. "ವಿಮಾನ ಬದ್ಲಿ ಮಾಡೂದ್ ಬ್ಯಾಡ್ರಿ ಮಾಸ್ತರ. ಟ್ರ್ಯಾಕ್ಟರ್ ಬದ್ಲಿ ಮಾಡ್ರಿ. ದಿನಾ ಹಂಗ ಹೊಡದ್ರ ಕೈ ಕಲೀತದ."

ಎಷ್ಟು ಸುಲಭ! ನಾನು ಎರಡು ಸಲ ಯೋಚಿಸಲಿಲ್ಲ. ಯೋಚಿಸಿದ್ದೆ, ಆದರೆ ಮುಚ್ಚಿಟ್ಟೆ ಎಂದು ಆಮೇಲೆ ಅನಿಸಿದ್ದೂ ಉಂಟು. ಫಿಟ್ಟಿಂಗ್ ಶಾಪಿನ ಚೂರು ತಗಡಿನಲ್ಲಿ ಒಂದು ತುದಿ ಮುಂದೆ ಹೋದರೆ ಇನ್ನೊಂದು ಹಿಂದೆ ಬರುವ ಒಂದು ಸಣ್ಣ ತೂಗುಪಟ್ಟಿ ಮಾಡಿ ಟ್ರ್ಯಾಕ್ಟರಿನ ಲಿವರಿಗೂ ಡೀಸೆಲ್ ಪಂಪಿಗೂ ನಡುವೆ ಕೂಡಿಸಿದೆ. ಈಗ ಟ್ರ್ಯಾಕ್ಟರಿನಲ್ಲೂ ಮುಂದಕ್ಕೆ ದೂಡಿದರೆ ಜೋರು. ಮಡ್‌ಗಾರ್ಡಿನ ಮೇಲೆ ಬಿಳಿ ಬಣ್ಣದಲ್ಲಿ ಬಾಣ ಬರೆದೆ. ಗೌಡರ ತಮ್ಮನೂ ಆ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ಅವನನ್ನು ಕರೆದು ಮೂರು ಸಲ ತೋರಿಸಿದೆ.

"ತಿಳೀತ್ರಿ ಮಾಸ್ತರ," ಎಂದ ಅವನು. "ನಮ್ಮಣ್ಣ ಹಾರೂದಕ್ಕ ನಾ ನೆಲದ ಮ್ಯಾಲ ಉಲ್ಟಾ ನಡೀಬೇಕು. ಅಷ್ಟ ಹೌದಲ್ರಿ?"

ಎಲ್ಲರೂ ನಕ್ಕೆವು.

ಐದು ವಾರವಾದ ಮೇಲೆ ಮತ್ತೆ ಕುರ್ಚಿ, ಮತ್ತೆ ಡಬ್ಬಿ. ಗೌಡರ ಕೈ ಹಿಂದಕ್ಕೆ ಬಂತು. ಇನ್ನೊಮ್ಮೆ, ಬೇರೆ ಕಡೆಯಿಂದ, ಹೇಳದೆ. ಹಿಂದಕ್ಕೇ ಬಂತು. ನಾನು ಅವತ್ತು ಅವರ ಮನೆಯಲ್ಲಿ ಎರಡು ರೊಟ್ಟಿ ಹೆಚ್ಚಿಗೆ ತಿಂದೆ. ಬರುವ ಭಾನುವಾರ ಮತ್ತೆ ಪಟ್ಟಿಗಿಳಿಯುವುದೆಂದು ಮಾತಾಯಿತು.

ಆ ಭಾನುವಾರ ನಾನು ಹೋದಾಗ ಕಣದಲ್ಲಿ ತೊಗರಿ ಒಕ್ಕುವ ರಾಶಿ ನಡೆದಿತ್ತು. ಮಧ್ಯಾಹ್ನಕ್ಕೆ ಮುಗಿಯುತ್ತದೆ, ಆಮೇಲೆ ವಿಮಾನ ಎಂದರು. ರಾಶಿ ಮಷಿನ್ನಿಗೂ ಟ್ರ್ಯಾಕ್ಟರಿಗೂ ನಡುವೆ ಉದ್ದನೆಯ ಪಟ್ಟಾ ತಿರುಗುತ್ತಿತ್ತು. ಟ್ರ್ಯಾಕ್ಟರಿನ ಮೇಲೆ ಗೌಡರ ತಮ್ಮ ಕೂತಿದ್ದ. ಸುತ್ತ ಹತ್ತು ಹನ್ನೆರಡು ಮಂದಿ, ಕಣ್ಣು ಬಿಟ್ಟು ಉಳಿದ ಮುಖಕ್ಕೆಲ್ಲ ಬಟ್ಟೆ ಕಟ್ಟಿಕೊಂಡು ಮಷಿನ್ನಿಗೆ ತೊಗರಿಯ ಸೂಡು ಕೊಡುತ್ತಿದ್ದರು. ಧೂಳಿನಲ್ಲಿ ಯಾರು ಯಾರೆಂದು ತಿಳಿಯುತ್ತಿರಲಿಲ್ಲ. ನಾನು ಚೀಲಗಳ ಮೇಲೆ ಕೂತು ಹೊಸ ಕೇಬಲ್ಲಿಗೆ ಎಣ್ಣೆ ಸವರುತ್ತಿದ್ದೆ.

ಗೌಡರ ಹೆಂಡತಿಯ ಸೆರಗು ಪಟ್ಟಾಕ್ಕೆ ಸಿಕ್ಕಿತು.

ಚೀರಿದ್ದು ಅವರೋ ಪಕ್ಕದವರೋ. ತಮ್ಮ ತಿರುಗಿ ನೋಡಿದ್ದನ್ನು ನಾನು ಕಂಡೆ. ಅವನ ಕೈ ಲಿವರಿಗೆ ಹೋದದ್ದನ್ನೂ ಕಂಡೆ. ಅದು ಎತ್ತ ಹೋಗುತ್ತದೆಂದು ಅದು ಹೋಗುವ ಮೊದಲೇ ನನಗೆ ಗೊತ್ತಿತ್ತು. ಬಾಯಿ ತೆರೆದೆ. ದನಿ ಬಂತೋ ಇಲ್ಲವೋ. ಅವನ ಕೈ ಬಿಳಿ ಬಾಣದ ಗುಂಟ ಮುಂದಕ್ಕೆ ದೂಡಿತು, ಎಂಜಿನ್ ಬೊಬ್ಬೆ ಹೊಡೆಯಿತು, ಪಟ್ಟಾ ಅವರನ್ನು ಗಿರಕಿ ಹೊಡೆಸಿ ಎಳೆಯಿತು.

ಗೌಡರು ಕಣದ ಆ ಕಡೆಯಿಂದ ಹಾರಿ ಬಂದು ಸ್ಟಾಪಿನ ಗುಂಡಿ ಎಳೆದರು. ಅಷ್ಟರಲ್ಲಿ ಸೀರೆ ಭುಜದಿಂದ ಹರಿದು ಅವರು ಪಟ್ಟಾದಿಂದ ಒಂದು ಮೊಳ ಈಚೆಗೆ ಹೊಟ್ಟಿನ ಮೇಲೆ ಬಿದ್ದಿದ್ದರು. ಕುತ್ತಿಗೆಯ ಸುತ್ತ ಹಗ್ಗ ಉಜ್ಜಿದಂತೆ ಕೆಂಪು ಬರೆ. ಉಸಿರಾಡುತ್ತಿದ್ದರು.

ಗೌಡರ ತಮ್ಮ ಇನ್ನೂ ಟ್ರ್ಯಾಕ್ಟರಿನ ಮೇಲೆಯೇ ಕೂತು, "ನಾ ಇಳಸಿದ್ದೆ, ವೈನಿ, ನಾ ಇಳಸಿದ್ದೆ," ಎಂದು ಅತ್ತಿಗೆಗೆ ಹೇಳುತ್ತಲೇ ಇದ್ದ.

ಗೌಡರ ಹೆಂಡತಿಗೆ ನೀರು ಕುಡಿಸಿದರು. ಯಾರೋ ಹೊದಿಸಿದ ಟಾವೆಲ್ಲನ್ನು ಎಳೆದುಕೊಂಡು ಎದ್ದು ಕೂತರು. ನನ್ನನ್ನು ಹುಡುಕಿ ನೋಡಿದರು. ದನಿ ಒಡೆದಿತ್ತು.

"ಮಾಸ್ತರ. ನಿಮ್ಮ ವಿಮಾನದಾಗ ಒಬ್ಬರ ಕೂಡ್ತಾರ. ಇದರ ಸುತ್ತ ನಾವ್ ಎಷ್ಟ್ ಮಂದಿ ನಿಂತೀವಿ, ಎಣಸ್ರಿ."

ನಾನು ಎಣಿಸಲಿಲ್ಲ. ಸ್ಪ್ಯಾನರ್ ತಂದು ತೂಗುಪಟ್ಟಿ ಬಿಚ್ಚಿದೆ. ನಟ್ಟು ಎರಡು ಸಲ ಹೊಟ್ಟಿನಲ್ಲಿ ಬಿತ್ತು. ಗೌಡರೇ ಹುಡುಕಿ ಕೊಟ್ಟರು. ಬಾಣದ ಮೇಲೆ ಡೀಸೆಲ್ ಬಟ್ಟೆ ಉಜ್ಜಿದರು. ಅರ್ಧ ಹೋಯಿತು, ಅರ್ಧ ಉಳಿಯಿತು.

"ನಾ ಕೂಡಂಗಿಲ್ರಿ ಇನ್ನ," ಎಂದರು ಗೌಡರು ಉಜ್ಜುತ್ತಲೇ. "ಈ ಕೈಗೆ ಟ್ರ್ಯಾಕ್ಟರ್ ಬೇಕು. ಎರಡೂ ಆಗಂಗಿಲ್ಲ."

"ಹಂಗಿದ್ರ ವಿಮಾನ?"

"ಟ್ರ್ಯಾಕ್ಟರ್ ಹೊಡೀಲಾರದವ್ರು ಯಾರದಾರ್ರಿ ನಮ್ಮೊಳಗ?"

ಪ್ರಶ್ನೆಗೆ ಉತ್ತರ ಒಂದೇ ಇತ್ತು. ನಾನು ಸೈಕಲ್ಲು ಬಿಟ್ಟರೆ ಬೇರೇನನ್ನೂ ಓಡಿಸಿದವನಲ್ಲ. ನನ್ನ ಕೈಗೆ ಯಾವ ಲಿವರಿನ ಹಳೆಯ ಪಾಠವೂ ಇರಲಿಲ್ಲ. ಅಷ್ಟು ದಿನ ಇನ್ನೊಬ್ಬರ ಜೀವಕ್ಕೆ ಹೆದರುತ್ತಿದ್ದುದು ಎಷ್ಟು ಹಗುರದ ಹೆದರಿಕೆಯಾಗಿತ್ತೆಂದು ಆಗ ತಿಳಿಯಿತು.

ಎರಡು ವಾರ ಕುರ್ಚಿಯಲ್ಲಿ ಕೂತೆ. ಡಬ್ಬಿ ಬೀಳಿಸಿದ್ದು ಗೌಡರು. ಆಮೇಲೆ ಒಂದು ಬೆಳಗ್ಗೆ ಮುರುಮಿನ ಪಟ್ಟಿಯ ತುದಿಯಲ್ಲಿ, ಎದೆಗೆ ಸೀಟಿನ ಪಟ್ಟಿ ಕಟ್ಟಿಕೊಂಡು ಕೂತು, ಬೆನ್ನ ಹಿಂದೆ ಎಂಜಿನ್ ಶುರುವಾದಾಗ ಹಲ್ಲು ಕಟಕಟನೆ ಬಡಿದುಕೊಂಡವು. ನಡುಕ ಎಂಜಿನ್ನಿನದೋ ನನ್ನದೋ ಬೇರ್ಪಡಿಸಲು ಆಗಲಿಲ್ಲ. ಲಿವರ್ ದೂಡಿದೆ. ಬೆನ್ನು ಸೀಟಿಗೆ ಒತ್ತಿತು. ಬಾಳೆಯ ಹಸಿರು ಎದುರಿಗೆ ದೊಡ್ಡದಾಗುತ್ತಾ ಬಂತು. ಮುಂದಿನ ಗಾಲಿಯ ಗಡಗಡ ನಿಂತಿತು. ನೆಲ ಬಿಟ್ಟಿತೋ, ಬರೀ ಹಗುರಾಯಿತೋ. ಸುಣ್ಣದ ಗೆರೆ ಎಲ್ಲೂ ಕಾಣಲಿಲ್ಲ.

ಆಮೇಲೆ ಎಂಜಿನ್ ಇಳಿದಿತ್ತು. ವಿಮಾನ ಪಟ್ಟಿಯ ಮೇಲೆ, ತೋಟಕ್ಕೆ ಇನ್ನೂ ಇಪ್ಪತ್ತು ಹೆಜ್ಜೆ ಇರುವಾಗ, ನಿಂತಿತ್ತು.

ಗೌಡರು ಓಡಿಬಂದು ರೆಕ್ಕೆಯ ಕಂಬ ಹಿಡಿದುಕೊಂಡು ಏದುಸಿರು ಬಿಟ್ಟರು.

"ಅಂಜಿಕಿ ಆತೇನ್ರಿ?"

"ಹೌದ್ರಿ."

"ಕೈ ಎತ್ತಾಗ ಹೋತ್ರಿ?"

ಲಿವರ್ ಹಿಂದಿನ ತುದಿಯಲ್ಲಿತ್ತು. ನನ್ನ ಎಡಗೈ ಅದರ ಮೇಲಿರಲಿಲ್ಲ. ಎದೆಯ ಪಟ್ಟಿಯನ್ನು ಬಿಗಿಯಾಗಿ ಹಿಡಿದಿತ್ತು. ನಾನು ಎಳೆದದ್ದೋ, ಸ್ಪ್ರಿಂಗು ಎಳೆದುಕೊಂಡದ್ದೋ, ಮೊದಲು ಮುಂದಕ್ಕೆ ದೂಡಿ ಆಮೇಲೆ ಹಿಂದಕ್ಕೆ ಬಂದದ್ದೋ, ಕೈಯನ್ನೇ ಕೇಳಬೇಕಿತ್ತು.

"ಗೊತ್ತಿಲ್ರಿ ಗೌಡ್ರ," ಎಂದೆ.

ಅವರು ಬಗ್ಗಿ, ನನ್ನ ಕೈ ದಾಟಿ ಕೈಚಾಚಿ ಸ್ವಿಚ್ಚು ಆರಿಸಿ, ಒಂದೊಂದೇ ಬೆರಳನ್ನು ಎದೆಯ ಪಟ್ಟಿಯಿಂದ ಬಿಡಿಸತೊಡಗಿದರು.